ಇದುವರೆಗಿನ ರೇಸ್ ಕುದುರೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಯಾವುದು? ಕಾರಣ ಕೊಟ್ಟು ವಾದ ಮಾಡಿ

ಮಲಪ್ರಭಾ ದಂಡೆ (ಬೆಳಗಾವಿ)
ಎಲ್ಲರಿಗೂ ನಮಸ್ಕಾರ. ಸಚಿನ್ ದೊಡ್ಡವನಾ, ಬ್ರಾಡ್ಮನ್ ದೊಡ್ಡವನಾ ಅಂತ ಇಲ್ಲಿ ಬೇಕಾದಷ್ಟು ಜಗಳ ಆಗಿದೆ. ಇವತ್ತು ಕುದುರೆ ವಿಷಯ ಮಾತಾಡೋಣ. ಇದುವರೆಗೆ ಓಡಿದ ರೇಸ್ ಕುದುರೆಗಳಲ್ಲಿ ಯಾವುದಕ್ಕೆ ಮೊದಲ ಜಾಗ?

ನನ್ನ ಓಟು ಸೆಕ್ರೆಟೇರಿಯಟ್‌ಗೆ. 1973ರಲ್ಲಿ ಕೆಂಟಕಿ ಡರ್ಬಿ, ಪ್ರೀಕ್ನೆಸ್, ಬೆಲ್ಮಾಂಟ್ ಮೂರೂ ಗೆದ್ದು ಅಮೆರಿಕಕ್ಕೆ 25 ವರ್ಷಗಳ ನಂತರ ಟ್ರಿಪಲ್ ಕ್ರೌನ್ ತಂದ ಕುದುರೆ ಅದು. ಬೆಲ್ಮಾಂಟ್ ಒಂದೂವರೆ ಮೈಲಿ ಓಟ. ಅದನ್ನು 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿತು. ಎರಡನೇ ಕುದುರೆ 31 ಲೆಂಥ್ ಹಿಂದೆ. ಒಂದು ಲೆಂಥ್ ಅಂದರೆ ಒಂದು ಕುದುರೆಯ ಉದ್ದ, ಸುಮಾರು ಎಂಟು ಅಡಿ. ಲೆಕ್ಕ ಹಾಕಿ, 75 ಮೀಟರ್ ಅಂತರ ಆಗುತ್ತದೆ. 50 ವರ್ಷ ದಾಟಿದರೂ ಆ ಮೂರೂ ರೇಸ್‌ಗಳ ದಾಖಲೆ ಅದರ ಹೆಸರಿನಲ್ಲೇ ಇವೆ.

ಒಂದೇ ಕೋರಿಕೆ. ಬರೀ ಹೆಸರು ಬರೆದು ಹೋಗಬೇಡಿ, ಯಾಕೆ ಅಂತ ಹೇಳಿ. ಮತ್ತೆ ಬೆಟ್ಟಿಂಗ್ ಟಿಪ್ಸ್ ಕೇಳೋದು, ಕೊಡೋದು ಎರಡೂ ಬೇಡ.

ಗುಮ್ಮಟದ ಊರಿನವ (ವಿಜಯಪುರ)
ಇಂಗ್ಲೆಂಡಿನಲ್ಲಿ ಓಡಿದ ಫ್ರಾಂಕೆಲ್. 14 ರೇಸ್, 14 ಗೆಲುವು. ಇನ್ನೇನು ಬೇಕು?

ಚಿಕ್ಕೋಡಿ ಸವಾರ
ಇಂಗ್ಲೆಂಡ್ ಬಿಟ್ಟು ಹೊರಗೆ ಒಂದು ರೇಸೂ ಓಡಲಿಲ್ಲ. ಹತ್ತೂವರೆ ಫರ್ಲಾಂಗ್ (ಎಂಟು ಫರ್ಲಾಂಗ್ ಅಂದರೆ ಒಂದು ಮೈಲಿ) ದಾಟಿ ಓಡಲಿಲ್ಲ. ಅಂದಮೇಲೆ ಇಂಗ್ಲೆಂಡಿನ ಎಪ್ಸಮ್ ಡರ್ಬಿಯ ಒಂದೂವರೆ ಮೈಲಿಯಲ್ಲಿ ಅದರ ಕಥೆ ಏನಾಗುತ್ತಿತ್ತೋ ಯಾರಿಗೆ ಗೊತ್ತು. ಮನೆ ಅಂಗಳದಲ್ಲೇ ಗೆದ್ದವರನ್ನು ಜಗತ್ತಿಗೇ ದೊಡ್ಡವರು ಅನ್ನೋದು ನನಗೆ ಒಪ್ಪಿಗೆ ಇಲ್ಲ.

ಗುಮ್ಮಟದ ಊರಿನವ (ವಿಜಯಪುರ)
@ಚಿಕ್ಕೋಡಿ ಸವಾರ, ಅಣ್ಣಾ, ಯಾರನ್ನು ಸೋಲಿಸಿತು ಅಂತ ಮೊದಲು ನೋಡಿ. 2010ರ ಆಗಸ್ಟ್‌ನಲ್ಲಿ ಫ್ರಾಂಕೆಲ್ ಮೊದಲ ಸಲ ಓಡಿದಾಗ ಅರ್ಧ ಲೆಂಥ್ ಹಿಂದೆ ಉಳಿದ ಕುದುರೆ ನಥಾನಿಯಲ್. ಅದೇ ನಥಾನಿಯಲ್ ಮುಂದಿನ ವರ್ಷ ಕಿಂಗ್ ಜಾರ್ಜ್ ಅನ್ನೋ ದೊಡ್ಡ ರೇಸ್ ಗೆದ್ದಿತು. 2012ರ ಕ್ವೀನ್ ಆ್ಯನ್ ರೇಸಿನಲ್ಲಿ 11 ಲೆಂಥ್ ಹಿಂದೆ ಬಿದ್ದಿದ್ದು ಎಕ್ಸೆಲೆಬ್ರೇಶನ್. ಅದು ಅದೇ ವರ್ಷ ಆಸ್ಕಟ್‌ನಲ್ಲಿ ಗ್ರೂಪ್ ಒನ್, ಅಂದರೆ ಅತಿ ಮೇಲ್ದರ್ಜೆಯ ರೇಸ್, ಗೆದ್ದಿದೆ. ಫ್ರಾಂಕೆಲ್ ಇರದಿದ್ದರೆ ಎಕ್ಸೆಲೆಬ್ರೇಶನ್ ಅನ್ನೇ ಆ ಕಾಲದ ದೊಡ್ಡ ಮೈಲಿ ಕುದುರೆ ಅಂತ ಕರೆಯುತ್ತಿದ್ದರು.

2011ರ 2000 ಗಿನೀಸ್ ರೇಸಿನ ವಿಡಿಯೊ ನೋಡಿ. ಸಾಮಾನ್ಯವಾಗಿ ಜಾಕಿ ಮೊದಲು ಕುದುರೆಯನ್ನು ಹಿಡಿದಿಟ್ಟು ಕೊನೆಗೆ ಬಿಡುತ್ತಾನೆ. ಟಾಮ್ ಕ್ವೀಲಿ ಗೇಟಿನಿಂದಲೇ ಬಿಟ್ಟುಬಿಟ್ಟ. ಅರ್ಧ ರೇಸಿನಲ್ಲೇ ಉಳಿದ ಕುದುರೆಗಳು ಸುಸ್ತು. ಗೆದ್ದಿದ್ದು 6 ಲೆಂಥ್. ಕೊನೆಯಲ್ಲಿ ಸ್ವಲ್ಪ ನಿಧಾನ ಆದರೂ ಹತ್ತಿರ ಬರುವವರು ಯಾರೂ ಇರಲಿಲ್ಲ.

ಇನ್ನೊಂದು ವಿಷಯ. ಟ್ರೇನರ್ ಹೆನ್ರಿ ಸೆಸಿಲ್ ಆಗ ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದರು. ಯಾರ್ಕ್‌ನಲ್ಲಿ ಫ್ರಾಂಕೆಲ್ ಮೊದಲ ಸಲ ಹತ್ತು ಫರ್ಲಾಂಗ್ ಓಡಿ ಗೆದ್ದ ದಿನ ಅವರು ಸೊರಗಿದ ದೇಹ ಹೊತ್ತು ಟ್ರ್ಯಾಕಿಗೆ ಬಂದಿದ್ದರು. 2013ರ ಜೂನ್‌ನಲ್ಲಿ ತೀರಿಕೊಂಡರು. ಆ ಕುದುರೆಯನ್ನು ಎಲ್ಲಿ ಓಡಿಸಬೇಕು, ಎಲ್ಲಿ ಬೇಡ ಅಂತ ಅವರಷ್ಟು ತಿಳಿದವರು ಯಾರಿದ್ದರು ಹೇಳಿ. ವಿದೇಶಕ್ಕೆ ಹೋಗಲಿಲ್ಲ ಅನ್ನೋದನ್ನು ಅದರ ದೋಷ ಅಂತ ನಾನು ಎಣಿಸುವುದಿಲ್ಲ.

ಕ್ಯಾಂಪ್ ಏರಿಯಾ 11
ಸೆಕ್ರೆಟೇರಿಯಟ್ಟೇ. ಒಂದು ರೇಸೂ ಸೋತಿಲ್ಲ ಅಲ್ವಾ ಅದು?

ಮಲಪ್ರಭಾ ದಂಡೆ (ಬೆಳಗಾವಿ)
@ಕ್ಯಾಂಪ್ ಏರಿಯಾ 11, ಸೋತಿದೆ. 21 ರೇಸಿನಲ್ಲಿ 16 ಗೆಲುವು. ಡರ್ಬಿಗೆ ಸ್ವಲ್ಪ ಮುಂಚೆ ವುಡ್ ಮೆಮೋರಿಯಲ್‌ನಲ್ಲಿ ಮೂರನೇ ಸ್ಥಾನ. ಟ್ರಿಪಲ್ ಕ್ರೌನ್ ಗೆದ್ದ ಮೇಲೂ ಆನಿಯನ್ ಅನ್ನೋ ಕುದುರೆಯ ಕೈಯಲ್ಲಿ ಸೋತಿತು, ಪ್ರೂವ್ ಔಟ್ ಕೈಯಲ್ಲೂ ಸೋತಿತು.

ಅದಕ್ಕೇ ನನಗೆ ಅದು ಜಾಸ್ತಿ ಇಷ್ಟ. ಸೋಲದೇ ಇರಲಿ ಅಂತ ರೇಸ್ ಆರಿಸಿ ಆರಿಸಿ ಓಡಿಸಲಿಲ್ಲ. ಸೋತ ಮೇಲೂ ಮತ್ತೆ ತಂದು ನಿಲ್ಲಿಸಿದರು. ಕೆಂಟಕಿ ಡರ್ಬಿಯಲ್ಲಿ ಅದು ಪ್ರತಿ ಕಾಲು ಮೈಲಿಯನ್ನೂ ಹಿಂದಿನ ಕಾಲು ಮೈಲಿಗಿಂತ ಬೇಗ ಓಡಿತು. ಒಂದೂಕಾಲು ಮೈಲಿಯ ರೇಸಿನಲ್ಲಿ ಕೊನೆಗೆ ಬಂದಷ್ಟೂ ವೇಗ ಹೆಚ್ಚುವುದು ಅಂದರೆ ಏನು ಅಂತ ಓಡಿದವರಿಗೆ ಗೊತ್ತು.

ಅಥಣಿಯ ಅಕ್ಕ
ಇಲ್ಲಿವರೆಗೆ ಒಂದು ಹೆಣ್ಣು ಕುದುರೆಯ ಹೆಸರೂ ಬಂದಿಲ್ಲ. ಆಶ್ಚರ್ಯ ಆಗುತ್ತದೆ.

ಆಸ್ಟ್ರೇಲಿಯಾದ ವಿಂಕ್ಸ್ ಸತತವಾಗಿ 33 ರೇಸ್ ಗೆದ್ದಿದೆ. ಅದರಲ್ಲಿ 25 ಗ್ರೂಪ್ ಒನ್. ಅಲ್ಲಿಯ ದೊಡ್ಡ ರೇಸ್ ಕಾಕ್ಸ್ ಪ್ಲೇಟ್ 2015ರಿಂದ 2018ರವರೆಗೆ ನಾಲ್ಕು ಸಲ. ನಿಮ್ಮ ಫ್ರಾಂಕೆಲ್ ಎರಡು ಚಿಲ್ಲರೆ ವರ್ಷ ಓಡಿ ನಿವೃತ್ತಿ ಆಯಿತು. ಸೆಕ್ರೆಟೇರಿಯಟ್ ಮೂರು ವರ್ಷ ತುಂಬಿದ ಹೊತ್ತಿಗೆ ಓಟ ನಿಲ್ಲಿಸಿತು. ವಿಂಕ್ಸ್ ಏಳು ವರ್ಷದವಳಾಗಿ 2019ರಲ್ಲಿ ಗೆದ್ದೇ ಮನೆಗೆ ಹೋದಳು. ಅಷ್ಟು ವರ್ಷ ಕಾಲು ಗಟ್ಟಿ ಇಟ್ಟುಕೊಂಡು, ಬೇರೆ ಬೇರೆ ಟ್ರ್ಯಾಕಿನಲ್ಲಿ, ಒದ್ದೆ ನೆಲದಲ್ಲೂ ಒಣ ನೆಲದಲ್ಲೂ ಗೆಲ್ಲೋದು ಸುಮ್ನೆ ಅಲ್ಲ.

ಅದಕ್ಕೂ ಹಿಂದೆ ಹೋದರೆ ಹಂಗೇರಿಯ ಕಿಂಚೆಮ್. 1876ರಿಂದ 1879ರವರೆಗೆ 54 ರೇಸ್, 54 ಗೆಲುವು. ಮನೆ ಅಂಗಳ ಅಂದ್ರಲ್ಲ ಚಿಕ್ಕೋಡಿಯವರೇ, ಇವಳು ಹಂಗೇರಿ, ಆಸ್ಟ್ರಿಯಾ, ಜರ್ಮನಿ, ಫ್ರಾನ್ಸ್, ಇಂಗ್ಲೆಂಡ್ ಎಲ್ಲ ಕಡೆ ಓಡಿದಳು. ಆ ಕಾಲದ ರೈಲಿನಲ್ಲಿ ಪ್ರಯಾಣ! ಬಾಡೆನ್ ಬಾಡೆನ್‌ನಲ್ಲಿ ಒಮ್ಮೆ ಸಮಬಲ ಆಯಿತು. ಅದೇ ದಿನ ಮತ್ತೆ ಓಡಿಸಿದರು. ಎರಡನೇ ಓಟದಲ್ಲಿ ಗೆದ್ದಳು.

ಚಿಕ್ಕೋಡಿ ಸವಾರ
ಅಕ್ಕಾರ, ಕಿಂಚೆಮ್ ವಿಷಯದಲ್ಲಿ ಕೈ ಮುಗಿದೆ. ಆದರೆ ವಿಂಕ್ಸ್ ಕೂಡ ಆಸ್ಟ್ರೇಲಿಯಾ ಬಿಟ್ಟು ಹೊರಗೆ ಹೋಗಲಿಲ್ಲ. ಅಲ್ಲಿಯದೇ ಹೆಣ್ಣು ಕುದುರೆ ಬ್ಲ್ಯಾಕ್ ಕ್ಯಾವಿಯರ್ ಹೋದಳು. 2012ರಲ್ಲಿ ಇಂಗ್ಲೆಂಡಿನ ರಾಯಲ್ ಆಸ್ಕಟ್‌ಗೆ ಹೋಗಿ ಗೆದ್ದು ಬಂದಳು. 25ಕ್ಕೆ 25. ನಾನು ಅವಳ ಹೆಸರು ಮೊದಲು ಬರೆಯುತ್ತೇನೆ.

ಅಥಣಿಯ ಅಕ್ಕ
ಬ್ಲ್ಯಾಕ್ ಕ್ಯಾವಿಯರ್ ಓಡಿದ್ದೆಲ್ಲ ಏಳು ಫರ್ಲಾಂಗ್ ಒಳಗೆ. ವಿಂಕ್ಸ್ 1300 ಮೀಟರೂ ಗೆದ್ದಳು, 2000 ಮೀಟರ್ ದಾಟಿಯೂ ಗೆದ್ದಳು. ಆಸ್ಕಟ್‌ನಲ್ಲಿ ಬ್ಲ್ಯಾಕ್ ಕ್ಯಾವಿಯರ್ ಗೆದ್ದಿದ್ದು ಒಂದು ತಲೆ ಅಂತರದಲ್ಲಿ ಮಾತ್ರ. ಜಾಕಿ ಗೆದ್ದೆ ಅಂತ ತಿಳಿದು ಬೇಗ ಕೈ ಸಡಿಲ ಬಿಟ್ಟ. ಸ್ನಾಯು ಹರಿದಿತ್ತು ಅಂತ ಆಮೇಲೆ ಗೊತ್ತಾಯಿತು. ಅಂಥ ನೋವಿನಲ್ಲೂ ತಲೆ ಮುಂದೆ ಇಟ್ಟಳು. ಅದಕ್ಕೆ ನನ್ನ ಗೌರವ ಇದ್ದೇ ಇದೆ.

ಮುಧೋಳ ಸೀಮೆ
ಸೆಕ್ರೆಟೇರಿಯಟ್ ಸತ್ತ ಮೇಲೆ ಅದರ ಹೃದಯ ತೂಗಿದರಂತೆ, 10 ಕೆಜಿ ಇತ್ತಂತೆ. ಬೇರೆ ಕುದುರೆಗಳಿಗೆ 4 ಕೆಜಿ. ಇನ್ನೇನು ವಾದ? ಇಂಜಿನ್ನೇ ಬೇರೆ.

ಪಶುವೈದ್ಯ, ನಿವೃತ್ತ (ಬಾಗಲಕೋಟೆ)
ತೂಗಿಲ್ಲ ತಮ್ಮಾ. 1989ರಲ್ಲಿ ಲ್ಯಾಮಿನೈಟಿಸ್ (ಗೊರಸಿನ ಉರಿಯೂತ) ಆಗಿ ಅದನ್ನು ದಯಾಮರಣಕ್ಕೆ ಒಪ್ಪಿಸಿದರು. ಶವ ಪರೀಕ್ಷೆ ಮಾಡಿದ ವೈದ್ಯರು ಹೃದಯದ ಗಾತ್ರ ನೋಡಿ ಬೆರಗಾದರು, ಆದರೆ ತಕ್ಕಡಿಗೆ ಹಾಕಲಿಲ್ಲ. ಮುಂದೆ ಅದೇ ವೈದ್ಯರು ಶ್ಯಾಮ್ ಅನ್ನೋ ಕುದುರೆಯ ಹೃದಯ ತೂಗಿದರು, 18 ಪೌಂಡ್ ಬಂತು. ಸೆಕ್ರೆಟೇರಿಯಟ್ಟಿನದು ಅದಕ್ಕಿಂತ ದೊಡ್ಡದಿತ್ತು ಅಂತ ನೆನಪಿನ ಮೇಲೆ 22 ಪೌಂಡ್ ಅಂದಾಜು ಹೇಳಿದರು. 10 ಕೆಜಿ ಬಂದಿದ್ದು ಹಾಗೆ. ಆ ಶ್ಯಾಮ್ ಯಾರು ಗೊತ್ತಲ್ಲ? 1973ರ ಡರ್ಬಿ, ಪ್ರೀಕ್ನೆಸ್ ಎರಡರಲ್ಲೂ ಸೆಕ್ರೆಟೇರಿಯಟ್ ಹಿಂದೆ ಎರಡನೇ ಸ್ಥಾನ ಬಂದ ಕುದುರೆ. ಬೇರೆ ಯಾವ ವರ್ಷ ಹುಟ್ಟಿದ್ದರೂ ಅದು ಚಾಂಪಿಯನ್ ಆಗುತ್ತಿತ್ತು.

ತೂಗಿದ್ದು ಅಂದರೆ ಆಸ್ಟ್ರೇಲಿಯಾದಲ್ಲಿ ಓಡಿದ ಫಾರ್ ಲ್ಯಾಪ್ ಕುದುರೆಯ ಹೃದಯ. 6.2 ಕೆಜಿ. ಈಗಲೂ ಕ್ಯಾನ್‌ಬೆರಾದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇದೆ. ಚರ್ಮ ಮೆಲ್ಬರ್ನ್‌ನಲ್ಲಿ, ಎಲುಬಿನ ಗೂಡು ನ್ಯೂಜಿಲೆಂಡ್‌ನಲ್ಲಿ.

ದೊಡ್ಡ ಹೃದಯ ಇದ್ದರೆ ಒಂದು ಬಡಿತಕ್ಕೆ ಜಾಸ್ತಿ ರಕ್ತ ಹೋಗುತ್ತದೆ, ಸ್ನಾಯುವಿಗೆ ಜಾಸ್ತಿ ಆಮ್ಲಜನಕ ಸಿಗುತ್ತದೆ. ಅದು ನಿಜ. ಆದರೆ ಕುದುರೆ ಓಡೋದು ಹೃದಯ ಒಂದರಿಂದಲೇ ಅಲ್ಲ. ನಾಗಾಲೋಟದಲ್ಲಿ ಪ್ರತಿ ಹೆಜ್ಜೆಗೂ ಒಂದು ಉಸಿರು, ಅದು ತಪ್ಪಿಸಲು ಬರುವುದಿಲ್ಲ. ಒಂದು ಗಳಿಗೆ ಇಡೀ ದೇಹದ ಭಾರ ಒಂದೇ ಮುಂಗಾಲಿನ ಮೇಲೆ ಬೀಳುತ್ತದೆ. ಶ್ವಾಸನಾಳ, ಸ್ನಾಯುರಜ್ಜು, ಗೊರಸು ಎಲ್ಲ ಸರಿ ಇರಬೇಕು. ಎಷ್ಟೋ ಒಳ್ಳೆ ಕುದುರೆಗಳು ಗೊರಸು ಕೈಕೊಟ್ಟು ಹೋಗಿದ್ದನ್ನು ನಾನೇ ಕಂಡಿದ್ದೇನೆ. ನನ್ನ ಲೆಕ್ಕದಲ್ಲಿ ಹೆಚ್ಚು ವರ್ಷ ಆರೋಗ್ಯವಾಗಿ ಓಡಿದ ಕುದುರೆಗೆ ಜಾಸ್ತಿ ಅಂಕ. ಹಾಗಾಗಿ ಅಥಣಿಯ ಅಕ್ಕನ ಮಾತಿಗೆ ನನ್ನ ಬೆಂಬಲ.

ಜಮಖಂಡಿ ಕಾಕಾ
ಎಲ್ಲರೂ ಲೆಂಥ್, ಸೆಕೆಂಡ್ ಅಂತ ಮಾತಾಡುತ್ತಿದ್ದೀರಿ. ಬೆನ್ನ ಮೇಲೆ ಎಷ್ಟು ತೂಕ ಇತ್ತು ಅಂತ ಒಬ್ಬರೂ ಕೇಳಲಿಲ್ಲ. ರೇಸಿನ ಅರ್ಧ ನ್ಯಾಯ ಇರೋದೇ ಅಲ್ಲಿ.

ಹ್ಯಾಂಡಿಕ್ಯಾಪ್ ರೇಸ್ ಅಂದರೆ ಏನು? ಜೋರಾಗಿ ಓಡುವ ಕುದುರೆಗೆ ಹೆಚ್ಚು ತೂಕ, ಹಿಂದೆ ಬೀಳುವುದಕ್ಕೆ ಕಡಿಮೆ. ತಡಿಯ ಕೆಳಗಿನ ಜೇಬುಗಳಲ್ಲಿ ಸೀಸದ ತುಂಡು ಇಡುತ್ತಾರೆ. ಎಲ್ಲ ಕುದುರೆಗಳೂ ಒಂದೇ ಸಾಲಿನಲ್ಲಿ ಬಂದು ಮುಟ್ಟಲಿ ಅನ್ನೋದು ಉದ್ದೇಶ. ಅಂಥದರಲ್ಲೂ ಗೆಲ್ಲುವ ಕುದುರೆ ದೊಡ್ಡದು.

1930ರ ಮೆಲ್ಬರ್ನ್ ಕಪ್ಪಿನಲ್ಲಿ ಫಾರ್ ಲ್ಯಾಪ್ 62.5 ಕೆಜಿ ಹೊತ್ತು ಎರಡು ಮೈಲಿ ಓಡಿ ಗೆದ್ದಿತು. ಮುಂದಿನ ವರ್ಷ ಅದರ ಮೇಲೆ 68 ಕೆಜಿ ಹೇರಿದರು. ಎಂಟನೇ ಸ್ಥಾನ ಬಂತು. ನನ್ನ ಪ್ರಕಾರ ಆ ಎಂಟನೇ ಸ್ಥಾನವೂ ಅದರ ಹಿರಿಮೆಗೆ ಸಾಕ್ಷಿ. 1932ರಲ್ಲಿ ಹಡಗಿನಲ್ಲಿ ಸಮುದ್ರ ದಾಟಿ ಮೆಕ್ಸಿಕೊದ ಅಗ್ವಾ ಕಾಲಿಯಂಟೆಯಲ್ಲಿ ದೊಡ್ಡ ರೇಸ್ ಗೆದ್ದಿತು. ಸ್ವಲ್ಪ ದಿನಕ್ಕೇ ಕ್ಯಾಲಿಫೋರ್ನಿಯಾದಲ್ಲಿ ಸತ್ತುಹೋಯಿತು. ಎಷ್ಟೋ ವರ್ಷದ ಮೇಲೆ ಅದರ ಕೂದಲು ಪರೀಕ್ಷೆ ಮಾಡಿದಾಗ ಆರ್ಸೆನಿಕ್ ಸಿಕ್ಕಿತು.

ಐರ್ಲೆಂಡಿನ ಆರ್ಕಲ್ ಬಗ್ಗೆ ಕೇಳಿದ್ದೀರಾ? ಬೇಲಿ ಹಾರುವ ರೇಸುಗಳ ರಾಜ. ಚೆಲ್ಟನ್‌ಹ್ಯಾಮ್ ಗೋಲ್ಡ್ ಕಪ್ 1964, 65, 66 ಮೂರೂ ವರ್ಷ ಗೆದ್ದಿತು. ಅದು ಓಡಿದರೆ ಬೇರೆಯವರಿಗೆ ಎಷ್ಟು ತೂಕ ಇಡಬೇಕು ಅಂತ ತಲೆಕೆಟ್ಟು, ಐರ್ಲೆಂಡಿನವರು ಎರಡು ಪಟ್ಟಿ ಮಾಡುವ ನಿಯಮ ತಂದರು. ಆರ್ಕಲ್ ಇದ್ದರೆ ಒಂದು ಪಟ್ಟಿ, ಇರದಿದ್ದರೆ ಇನ್ನೊಂದು. ಒಂದು ಕುದುರೆಗಾಗಿ ನಿಯಮವನ್ನೇ ಬದಲಿಸಿದರು. ನನ್ನ ಓಟು ಅದಕ್ಕೆ.

ಕ್ಯಾಂಪ್ ಏರಿಯಾ 11
ಕಾಕಾ, ತೂಕದ ಮಾತು ಬಂದರೆ ಅಮೆರಿಕದ ಮ್ಯಾನ್ ಓ ವಾರ್ ಬಿಡೋಕಾಗಲ್ಲ. 138 ಪೌಂಡ್ ಹೊತ್ತು ಗೆದ್ದ ಕುದುರೆ. 21ರಲ್ಲಿ 20 ಗೆಲುವು. 1919ರಲ್ಲಿ ಸರಟೋಗಾದಲ್ಲಿ ಒಂದೇ ಸಲ ಸೋತಿತು. ಸೋಲಿಸಿದ ಕುದುರೆಯ ಹೆಸರೇ ಅಪ್‌ಸೆಟ್! 1920ರಲ್ಲಿ ಒಂದು ರೇಸನ್ನು ನೂರು ಲೆಂಥ್‌ನಿಂದ ಗೆದ್ದಿತು ಅಂತ ಬರೆದಿದ್ದಾರೆ.

ಗುಮ್ಮಟದ ಊರಿನವ (ವಿಜಯಪುರ)
ಆ ನೂರು ಲೆಂಥ್ ರೇಸಿನಲ್ಲಿ ಎದುರಿಗೆ ಒಂದೇ ಕುದುರೆ ಇತ್ತು. ಅದನ್ನೂ ಹೇಳಿ.

ಅಂಕಲಿ ಕಡೆಯವ
ಸ್ವಲ್ಪ ವಿಷಯ ಬಿಟ್ಟು ಬರೆಯುತ್ತಿದ್ದೇನೆ, ಕ್ಷಮಿಸಿ. ನಮ್ಮ ಕಡೆ ಕುದುರೆ ಅಂದರೆ ಮೊದಲು ನೆನಪಾಗೋದು ಆಳಂದಿಗೆ ಹೋಗುವ ಕುದುರೆಗಳು. ಅಂಕಲಿಯ ಶಿತೋಳೆ ಸರದಾರರ ಮನೆಯಿಂದ ಪ್ರತಿ ವರ್ಷ ಜ್ಞಾನೇಶ್ವರ ಮಹಾರಾಜರ ಪಾಲಕಿಗೆ ಎರಡು ಕುದುರೆ ಹೋಗುತ್ತವೆ. ಪಂಢರಪುರದ ದಾರಿಯಲ್ಲಿ ರಿಂಗಣ ನಡೆಯುತ್ತದಲ್ಲ, ವಾರಕರಿಗಳು ಸುತ್ತ ನಿಂತಿರುತ್ತಾರೆ, ಮಧ್ಯದಲ್ಲಿ ಕುದುರೆಗಳು ಓಡುತ್ತವೆ. ಒಂದರ ಮೇಲೆ ಪತಾಕೆ ಹಿಡಿದ ಸವಾರ. ಇನ್ನೊಂದರ ಬೆನ್ನು ಖಾಲಿ, ಅದರ ಮೇಲೆ ಮಾವುಲಿ (ಜ್ಞಾನೇಶ್ವರ ಮಹಾರಾಜರು) ಅವರೇ ಕುಳಿತಿರುತ್ತಾರೆ ಅನ್ನೋ ನಂಬಿಕೆ. ಅದು ಓಡಿದ ಜಾಗದ ಮಣ್ಣನ್ನು ಜನ ಹಣೆಗೆ ಹಚ್ಚಿಕೊಳ್ಳುತ್ತಾರೆ.

ಲೆಂಥ್ ಇಲ್ಲ, ಟೈಮಿಂಗ್ ಇಲ್ಲ. ಆದರೂ ನನ್ನ ಪಾಲಿಗೆ ಅವೇ ದೊಡ್ಡ ಕುದುರೆಗಳು.

ಜಮಖಂಡಿ ಕಾಕಾ
ಒಳ್ಳೆ ಮಾತು ನೆನಪು ಮಾಡಿದಿ ತಮ್ಮಾ. ಇದು ವಿಷಯ ಬಿಟ್ಟಿದ್ದಲ್ಲ.

ಗುಮ್ಮಟದ ಊರಿನವ (ವಿಜಯಪುರ)
ನಮ್ಮ ಕಡೆಗೂ ಕುದುರೆಯ ಹಳೇ ನಂಟು ಇದೆ. ಆದಿಲಶಾಹಿ ಕಾಲದಲ್ಲಿ ಅರಬ್ ಕುದುರೆಗಳು ಸಮುದ್ರ ದಾಟಿ ಕರಾವಳಿ ಬಂದರುಗಳಲ್ಲಿ ಇಳಿದು ಘಟ್ಟ ಹತ್ತಿ ಬರುತ್ತಿದ್ದವು. 1510ರಲ್ಲಿ ಗೋವಾ ಪೋರ್ಚುಗೀಸರ ಕೈಗೆ ಹೋದಾಗ ಬಿಜಾಪುರಕ್ಕೆ ಬಿದ್ದ ದೊಡ್ಡ ಪೆಟ್ಟು ಈ ಕುದುರೆ ವ್ಯಾಪಾರದ್ದು. ಇಂಗ್ಲೆಂಡಿನ ಥರೋಬ್ರೆಡ್ ಅನ್ನೋ ರೇಸ್ ಕುದುರೆ ತಳಿ ಕೂಡ ಅದೇ ಸೀಮೆಯ ಕುದುರೆಗಳಿಂದ ಬಂದಿದ್ದು. ಡಾರ್ಲಿ ಅರೇಬಿಯನ್ ಅನ್ನೋ ಗಂಡು ಕುದುರೆಯನ್ನು 1704ರ ಸುಮಾರಿಗೆ ಅಲೆಪ್ಪೊದಿಂದ ಒಯ್ದರು. ಅದರ ವಂಶದಲ್ಲಿ 1764ರಲ್ಲಿ ಎಕ್ಲಿಪ್ಸ್ ಹುಟ್ಟಿತು, ಸೂರ್ಯಗ್ರಹಣದ ದಿನ. 18 ರೇಸ್, ಒಂದೂ ಸೋಲಿಲ್ಲ. ಇವತ್ತು ಜಗತ್ತಿನಲ್ಲಿ ಓಡುವ ರೇಸ್ ಕುದುರೆಗಳಲ್ಲಿ ಶೇಕಡಾ 90ಕ್ಕೂ ಜಾಸ್ತಿ ಗಂಡು ಸಾಲಿನಲ್ಲಿ ಎಕ್ಲಿಪ್ಸ್ ಮನೆತನಕ್ಕೇ ಸೇರುತ್ತವೆ. ಫ್ರಾಂಕೆಲ್ಲೂ ಅದೇ ಮನೆ, ಸೆಕ್ರೆಟೇರಿಯಟ್ಟೂ ಅದೇ ಮನೆ.

ಇಳಕಲ್ ಓದುಗಿ
ಇಷ್ಟೆಲ್ಲ ಹೊಗಳಿಕೆ ಓದಿ ಒಂದು ಮಾತು ಹೇಳಲೇಬೇಕು ಅನಿಸಿತು. ನಮ್ಮ ಸಂಬಂಧಿಕರ ಒಂದು ಮನೆ ಈ ರೇಸ್ ಜೂಜಿನಿಂದ ಹಾಳಾಯಿತು. ಹೊಲ ಹೋಯಿತು, ಮಗಳ ಮದುವೆಗೆ ಇಟ್ಟ ಬಂಗಾರ ಹೋಯಿತು. ಕುದುರೆಗೂ ಸುಖ ಇಲ್ಲ. ಚಾಟಿ ಏಟು, ಕಾಲು ಮುರಿದರೆ ಸಾವಿನ ಸೂಜಿ. ನೀವು ಚಾಂಪಿಯನ್ ಅಂತ ಹೆಸರು ಹೇಳುವ ಹತ್ತು ಕುದುರೆಗಳ ಹಿಂದೆ ಹೆಸರಿಲ್ಲದ ಸಾವಿರ ಕುದುರೆಗಳಿವೆ.

ಕ್ಯಾಂಪ್ ಏರಿಯಾ 11
ರೇಸ್ ಜೂಜಲ್ಲ, ಕೌಶಲದ ಆಟ ಅಂತ ಸುಪ್ರೀಂ ಕೋರ್ಟೇ 1996ರಲ್ಲಿ ಹೇಳಿದೆ.

ಇಳಕಲ್ ಓದುಗಿ
ಕೋರ್ಟ್ ಹೇಳಿದ್ದು ಕಾನೂನಿನ ಮಾತು. ಹೊಲ ವಾಪಸ್ ಬರಲಿಲ್ಲ.

ಪಶುವೈದ್ಯ, ನಿವೃತ್ತ (ಬಾಗಲಕೋಟೆ)
ತಂಗಿ ಹೇಳಿದ್ದು ಸರಿ ಇದೆ. ಎರಡು ವರ್ಷ ತುಂಬುವ ಮುಂಚೆ ಬೆನ್ನ ಮೇಲೆ ಭಾರ ಹಾಕಿ ಓಡಿಸುತ್ತಾರೆ, ಆಗ ಎಲುಬು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಕುದುರೆಯ ಮೇಲೆ ಪ್ರೀತಿ ಇರುವವರು ಈ ಮಾತನ್ನು ಮರೆಯಬಾರದು. ಮೂಲ ಪೋಸ್ಟಿನಲ್ಲೇ ಬೆಟ್ಟಿಂಗ್ ಬೇಡ ಅಂದಿದ್ದಾರೆ, ಅದು ಒಳ್ಳೆಯದಾಯಿತು.

ಘಟಪ್ರಭಾ ಎಕ್ಸ್‌ಪ್ರೆಸ್
ಎಲ್ಲ ಹೊರಗಿನ ಹೆಸರುಗಳೇ ಆದವು. ನಮ್ಮ ದೇಶದ ಕುದುರೆಗಳಿಗೆ ಏನಾಗಿದೆ? ಸ್ಕ್ವಾಂಡರರ್, 19 ರೇಸಿನಲ್ಲಿ 18 ಗೆಲುವು. 1977ರ ಇಂಡಿಯನ್ ಡರ್ಬಿ ಗೆದ್ದು ಭಾರತದ ಟ್ರಿಪಲ್ ಕ್ರೌನೂ ಮಾಡಿತು. ಅದನ್ನು ಪಳಗಿಸಿದ ಟ್ರೇನರ್ ರಶೀದ್ ಬೈರಾಮ್‌ಜಿ ನಮ್ಮ ಬೆಂಗಳೂರಿನವರು. 80ರ ದಶಕದಲ್ಲಿ ಇಲ್ಯೂಸಿವ್ ಪಿಂಪರ್ನೆಲ್ ಬಂತು, 23ರಲ್ಲಿ 22. 2010ರಲ್ಲಿ ಜಾಕ್ವೆಲಿನ್ ಅನ್ನೋ ಹೆಣ್ಣು ಕುದುರೆ ಗಂಡು ಕುದುರೆಗಳನ್ನೆಲ್ಲ ಹಿಂದೆ ಹಾಕಿ ಡರ್ಬಿ ಗೆದ್ದಳು.

ಅಷ್ಟಕ್ಕೂ 1943ರ ಮೊದಲ ಇಂಡಿಯನ್ ಡರ್ಬಿ ಗೆದ್ದಿದ್ದೂ ಹೆಣ್ಣು ಕುದುರೆಯೇ. ಪ್ರಿನ್ಸೆಸ್ ಬ್ಯೂಟಿಫುಲ್, ಬರೋಡಾ ಮಹಾರಾಜರದು.

ಅಥಣಿಯ ಅಕ್ಕ
ನೋಡಿದ್ರಾ!

ಚಿಕ್ಕೋಡಿ ಸವಾರ
ಭಾರತದ ಕುದುರೆಗಳ ಮೇಲೆ ನನಗೂ ಅಭಿಮಾನ ಇದೆ. ಆದರೆ ಸ್ಕ್ವಾಂಡರರ್ ಹೊರಗಿನ ಕುದುರೆಗಳ ಎದುರು ಓಡಿದ್ದರೆ? ನಮ್ಮಲ್ಲಿ ಹುಟ್ಟುವ ಮರಿಗಳ ತಂದೆ ಕುದುರೆಗಳು ಹೆಚ್ಚಾಗಿ ವಿದೇಶದಿಂದ ತಂದವು. ಅಲ್ಲಿಯ ಮೊದಲ ಸಾಲಿನ ಕುದುರೆಗಳನ್ನು ತರುವಷ್ಟು ದುಡ್ಡು ಇಲ್ಲಿಲ್ಲ.

ಘಟಪ್ರಭಾ ಎಕ್ಸ್‌ಪ್ರೆಸ್
ಅವಕಾಶ ಸಿಗದ್ದಕ್ಕೆ ಕುದುರೆಯನ್ನು ದೂರಬೇಡಿ ಅಣ್ಣಾ. ಎದುರಿಗೆ ನಿಲ್ಲಿಸಿದ ಎಲ್ಲರನ್ನೂ ಸೋಲಿಸುವುದಕ್ಕಿಂತ ಹೆಚ್ಚು ಅದು ಏನು ಮಾಡಬೇಕಿತ್ತು?

ತಿಳಕವಾಡಿ ಸೈಕಲ್
ನಮ್ಮ ಬೆಳಗಾವಿಯಲ್ಲೂ ರೇಸ್ ಕೋರ್ಸ್ ಅಂತ ಜಾಗ ಇದೆಯಲ್ಲ, ಗಾಲ್ಫ್ ಮೈದಾನದ ಕಡೆ. 2022ರಲ್ಲಿ ಚಿರತೆ ಬಂದು ಶಾಲೆಗಳಿಗೆ ರಜೆ ಕೊಟ್ಟಿದ್ದು ಅಲ್ಲೇ. ಈಗ ರೇಸ್ ನೋಡಬೇಕು ಅಂದರೆ ನಮಗೆ ಪುಣೆಯೇ ಹತ್ತಿರ. ಮಳೆಗಾಲದಲ್ಲಿ ಪುಣೆ, ಚಳಿಗಾಲದಲ್ಲಿ ಮುಂಬೈ ಮಹಾಲಕ್ಷ್ಮಿ.

ಮುಧೋಳ ಸೀಮೆ
ಟೈಮಿಂಗ್ ನೋಡಿದರೆ ಮುಗೀತು ಅಂತ ನನಗೆ ಈಗಲೂ ಅನಿಸುತ್ತದೆ. ಗಡಿಯಾರ ಸುಳ್ಳು ಹೇಳಲ್ಲ. 2:24ಕ್ಕಿಂತ ಕಡಿಮೆ ಯಾರದ್ದಿದೆ?

ಗುಮ್ಮಟದ ಊರಿನವ (ವಿಜಯಪುರ)
ಗಡಿಯಾರ ಸುಳ್ಳು ಹೇಳಲ್ಲ, ನೆಲ ಹೇಳುತ್ತದೆ. ಅಮೆರಿಕದ ದೊಡ್ಡ ರೇಸ್ ಮಣ್ಣಿನ ಟ್ರ್ಯಾಕಿನಲ್ಲಿ, ಸಮತಟ್ಟಾದ ಅಂಡಾಕಾರ. ಇಂಗ್ಲೆಂಡಿನಲ್ಲಿ ಹುಲ್ಲು, ಅದೂ ಏರು ತಗ್ಗು. ಎಪ್ಸಮ್ ಡರ್ಬಿಯಲ್ಲಿ ಮೊದಲು ದಿಬ್ಬ ಹತ್ತಬೇಕು, ಆಮೇಲೆ ಇಳಿಜಾರಿನಲ್ಲಿ ತಿರುಗಬೇಕು. ಮಳೆ ಬಂದರೆ ಅದೇ ಹುಲ್ಲಿನಲ್ಲಿ ಹತ್ತಾರು ಸೆಕೆಂಡ್ ವ್ಯತ್ಯಾಸ. ಎರಿ ಹೊಲದಲ್ಲಿ ಮಳೆ ಆದ ಮೇಲೆ ನಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಪರಿಣತರು ಟೈಮಿಂಗ್ ಒಂದನ್ನೇ ನೋಡದೆ, ಯಾರನ್ನು, ಎಷ್ಟು ಅಂತರದಲ್ಲಿ, ಎಷ್ಟು ತೂಕದಲ್ಲಿ ಸೋಲಿಸಿತು ಅಂತ ನೋಡಿ ರೇಟಿಂಗ್ ಕೊಡುತ್ತಾರೆ. ಇಂಥ ರೇಟಿಂಗ್ ಕೊಡುವ ಟೈಮ್‌ಫಾರ್ಮ್ ಸಂಸ್ಥೆ ಫ್ರಾಂಕೆಲ್‌ಗೆ 147 ಕೊಟ್ಟಿದೆ. ಬೇಲಿ ಇಲ್ಲದ ಸಪಾಟು ಓಟದಲ್ಲಿ ಅವರು ಕೊಟ್ಟ ಅತಿ ಹೆಚ್ಚು ಅದೇ.

ಜಮಖಂಡಿ ಕಾಕಾ
ಬೇಲಿ ಹಾರುವ ಓಟದಲ್ಲಿ ಅದೇ ಟೈಮ್‌ಫಾರ್ಮ್ ಆರ್ಕಲ್‌ಗೆ 212 ಕೊಟ್ಟಿದೆ. ಅದನ್ನು ಇನ್ನೂ ಯಾರೂ ಮುಟ್ಟಿಲ್ಲ.

ತಿಳಕವಾಡಿ ಸೈಕಲ್
ಹಾರುವ ಓಟ ಅಂದರೆ ರೆಡ್ ರಮ್. ಗ್ರ್ಯಾಂಡ್ ನ್ಯಾಷನಲ್ 1973, 74, 77 ಮೂರು ಸಲ ಗೆಲುವು. ನಡುವಿನ ಎರಡು ವರ್ಷ ಎರಡನೇ ಸ್ಥಾನ. ಏಳು ಕಿಲೋಮೀಟರ್, 30 ಬೇಲಿ. ಬೇರೆ ಕುದುರೆಗಳು ಬೀಳುತ್ತಿದ್ದರೆ ಇದು ದಾರಿ ನೋಡಿಕೊಂಡು ಹಾರುತ್ತಿತ್ತು. ಬುದ್ಧಿವಂತ ಕುದುರೆ ಅಂದರೆ ಅದು.

ಅಥಣಿಯ ಅಕ್ಕ
ಸರಿ, ನಾನು ನನ್ನ ಪಟ್ಟಿ ಹೇಳಿಬಿಡುತ್ತೇನೆ. ಮೊದಲು ಕಿಂಚೆಮ್, ಆಮೇಲೆ ವಿಂಕ್ಸ್, ಮೂರನೆಯದು ಸೆಕ್ರೆಟೇರಿಯಟ್. ಫ್ರಾಂಕೆಲ್ ನಾಲ್ಕು. ಆರ್ಕಲ್, ರೆಡ್ ರಮ್ ಬೇರೆ ಆಟದವರು, ಅವರಿಗೆ ಬೇರೆ ಪಟ್ಟಿ ಮಾಡಿ.

ಗುಮ್ಮಟದ ಊರಿನವ (ವಿಜಯಪುರ)
ಫ್ರಾಂಕೆಲ್ ನಾಲ್ಕು? ಇದು ಅನ್ಯಾಯ ಅಕ್ಕಾರ.

ಮಲಪ್ರಭಾ ದಂಡೆ (ಬೆಳಗಾವಿ)
ಅಕ್ಕಾರ, ಕಿಂಚೆಮ್‌ಗೆ ಮೊದಲ ಜಾಗ ಕೊಟ್ಟಿದ್ದನ್ನು ನಾನು ಅರ್ಧ ಒಪ್ಪುತ್ತೇನೆ. ವಿಂಕ್ಸ್ ಅನ್ನು ಸೆಕ್ರೆಟೇರಿಯಟ್ ಮೇಲೆ ಇಟ್ಟಿದ್ದು ಒಪ್ಪಲ್ಲ.

ಕಾಕಾ ಹೇಳಿದ ತೂಕದ ಮಾತು ಸರಿ, ವೈದ್ಯರು ಹೇಳಿದ ಆರೋಗ್ಯದ ಮಾತೂ ಸರಿ. ಆದರೆ ಒಂದು ಕುದುರೆ ತನ್ನ ಅತಿ ಒಳ್ಳೆ ದಿನ ಎಷ್ಟು ದೂರ ಹೋಗಬಲ್ಲದು ಅಂತಲೂ ನೋಡಬೇಕಲ್ವಾ? ಬೆಲ್ಮಾಂಟ್‌ನಲ್ಲಿ ಮೊದಲ ಆರು ಫರ್ಲಾಂಗ್ ಶ್ಯಾಮ್ ಮತ್ತು ಸೆಕ್ರೆಟೇರಿಯಟ್ ಜೊತೆಜೊತೆಗೇ ಓಡಿದವು. ಒಂದೂವರೆ ಮೈಲಿಗೆ ಅಂಥ ವೇಗ ಹುಚ್ಚುತನ ಅಂತ ನೋಡುವವರೆಲ್ಲ ಅಂದುಕೊಂಡರು. ಶ್ಯಾಮ್ ಸೋತು ಕೊನೆಯ ಸ್ಥಾನಕ್ಕೆ ಬಿತ್ತು. ಇದು ನಿಲ್ಲಲೇ ಇಲ್ಲ. ಹಿಂದೆ ಅಟ್ಟಿಸಿಕೊಂಡು ಬರುವವರು ಯಾರೂ ಇರಲಿಲ್ಲ, ರಾನ್ ಟರ್ಕಾಟ್ ಚಾಟಿಯನ್ನೂ ಬೀಸಲಿಲ್ಲ. ಕುದುರೆ ತಾನಾಗಿಯೇ ಓಡಿತು. ಅವತ್ತು ಗೆದ್ದ 5,617 ಟಿಕೆಟ್‌ಗಳನ್ನು ಜನ ದುಡ್ಡಿಗೆ ಬದಲಿಸಿಕೊಳ್ಳಲೇ ಇಲ್ಲ, ನೆನಪಿಗೆ ಇಟ್ಟುಕೊಂಡರು. ಇಳಕಲ್‌ನ ಅಕ್ಕನಿಗೂ ಇದನ್ನು ಹೇಳಬೇಕು ಅನಿಸಿತು. ಜೂಜಿಗೆ ಬಂದವರೂ ಅವತ್ತು ದುಡ್ಡು ಮರೆತರು.

ಇಳಕಲ್ ಓದುಗಿ
ಚಾಟಿ ಬೀಸದೆ ಗೆದ್ದಿದ್ದು ಅಂದಿರಲ್ಲ, ಅದಕ್ಕೆ ನನ್ನ ಓಟು.

ಜಮಖಂಡಿ ಕಾಕಾ
ನಾನು ಆರ್ಕಲ್ ಬಿಡಲ್ಲ. ಬೇರೆ ಪಟ್ಟಿ ಮಾಡೋದಾದರೆ ಇವತ್ತೇ ಹೊಸ ಚರ್ಚೆ ಶುರು ಮಾಡಿ, ಬರುತ್ತೇನೆ.